‘ಕನಕ ಮುಸುಕು’: ಓದಿ ಮುಗಿಸಿದ ಮೇಲೆ ಉಳಿದ ಸಂಶಯ



ಡಾ. ಕೆ. ಎನ್. ಗಣೇಶಯ್ಯನವರ ‘ಕನಕ ಮುಸುಕು’ ಕಾದಂಬರಿಯನ್ನು ನಾನು ಎರಡು ಬಾರಿ ಓದಿದ್ದೇನೆ. ಮೊದಲ ಓದು ಹರ್ಷದಿಂದ. ಎರಡನೆಯದು ತುಸು ಅಳುಕಿನಿಂದ. ಆ ಅಳುಕಿನ ಕಾರಣವನ್ನು ತಮ್ಮಲ್ಲಿ ನಿವೇದಿಸಿಕೊಳ್ಳುವುದೇ ಈ ಬರಹದ ಉದ್ದೇಶ.

ನಮ್ಮ ಮೈಸೂರಿಗೆ ಸಮೀಪದ ಸೋಮನಾಥಪುರವನ್ನು ನೋಡದವರು ತಮ್ಮಲ್ಲಿ ವಿರಳ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 1268ರಲ್ಲಿ ಪ್ರತಿಷ್ಠೆ ಮಾಡಿಸಿದ ಕೇಶವ ದೇವಾಲಯದ ಹೊರಭಿತ್ತಿಯಲ್ಲಿ ಕೆಲವು ಮೂರ್ತಿಗಳ ಕೈಯಲ್ಲಿ ನೀಳವಾದ, ಸಾಲುಸಾಲು ಕಾಳುಗಳುಳ್ಳ ವಸ್ತುವೊಂದಿದೆ. ಮೊದಲ ನೋಟಕ್ಕೆ ಅದು ಮುಸುಕಿನ ಜೋಳದ ತೆನೆಯೇ! ಆದರೆ ಆ ಬೆಳೆ ಅಮೆರಿಕದ್ದು; ಕೊಲಂಬಸನು ಅಲ್ಲಿಗೆ ತಲುಪಿದ್ದು 1492ರಲ್ಲಿ. ನಡುವಣ 224 ವರ್ಷಗಳ ಈ ಒಗಟೇ ಕಾದಂಬರಿಯ ಬೀಜ.

ಗ್ರಂಥಕರ್ತರು ಕೃಷಿವಿಜ್ಞಾನಿಗಳು. ಕಾಳಿನ ಸಾಲನ್ನು ಅವರು ನೋಡುವ ಬಗೆ ಬೇರೆ; ಶಿಲ್ಪವನ್ನು ಕೇವಲ ಸೌಂದರ್ಯಕ್ಕಾಗಿ ನೋಡುತ್ತಿದ್ದ ನನ್ನಂಥವನಿಗೆ ಅದು ಹೊಸ ಕಣ್ಣನ್ನೇ ಕೊಟ್ಟಿತು. ಇತಿಹಾಸವೆಂದರೆ ಅರಸರ ಯುದ್ಧಗಳೆಂದೇ ತಿಳಿದವರ ಮುಂದೆ ಒಂದು ತೆನೆಯನ್ನು ಹಿಡಿದು ನಿಲ್ಲಿಸುವುದು ಸಣ್ಣ ಸಾಹಸವಲ್ಲ. ಕಥೆಯ ಓಟವೂ ಬಿರುಸಾದುದು. ಪಾತ್ರಗಳು ಮಾತ್ರ ಆ ಓಟದಲ್ಲಿ ಸೊರಗಿವೆ ಎಂದು ನನಗನ್ನಿಸಿತು. ಅವರ ಸುಖದುಃಖಗಳಿಗಿಂತ ಅವರು ಹೇಳಿದ ಮಾಹಿತಿಯೇ ನೆನಪಿನಲ್ಲಿ ಉಳಿದಿದೆ.

ಇಷ್ಟೇ ಆಗಿದ್ದರೆ ಅಳುಕಿಗೆ ಕಾರಣವಿರಲಿಲ್ಲ. ಕಥೆಯೊಡನೆ ಆಧಾರಗಳ ಟಿಪ್ಪಣಿಯನ್ನೂ ಕೊಡುವುದು ಈ ಲೇಖಕರ ರೂಢಿ. ಅದು ಪ್ರಾಮಾಣಿಕತೆಯ ಲಕ್ಷಣವೇ ಹೌದು. ಆದರೆ ಟಿಪ್ಪಣಿಯ ಅಧಿಕಾರವು ಸದ್ದಿಲ್ಲದೆ ಕಲ್ಪನೆಗೂ ಹಬ್ಬಿಬಿಡುತ್ತದೆ. ಇದು ಜೋಳವೇ ಎಂದು 1989ರಲ್ಲಿ ಕಾರ್ಲ್ ಜೋಹಾನ್ಸೆನ್ ಮತ್ತು ಆನ್ ಪಾರ್ಕರ್ ವಾದಿಸಿದ್ದುಂಟು. ಪಾಯಕ್ ಮತ್ತು ಸಚಾನ್ ಎಂಬ ನಮ್ಮ ದೇಶದ ವಿದ್ವಾಂಸರು 1993ರಲ್ಲಿ ಅದನ್ನು ನಿರಾಕರಿಸಿದ್ದೂ ಉಂಟು. ಮುತ್ತುಗಳಿಂದಾದ ‘ಮುಕ್ತಾಫಲ’ವೆಂಬ ಕಲ್ಪಿತ ಹಣ್ಣು ಅದೆಂಬ ವಿವರಣೆಯೂ ಇದೆ. ಆ ಕಾಲದ ತೆನೆಯೊಂದು ನಮ್ಮ ಮಣ್ಣಿನಲ್ಲಿ ನಿಸ್ಸಂದೇಹವಾಗಿ ದೊರೆಯುವವರೆಗೆ ಕಲ್ಲೊಂದರ ಸಾಕ್ಷ್ಯ ಸಾಲದೆಂದೇ ನನ್ನ ಅಭಿಪ್ರಾಯ. ಕಾದಂಬರಿಯನ್ನು ಓದುವಾಗ ಈ ಸಂಶಯ ನನ್ನಲ್ಲಿ ಕ್ಷಣವೂ ನಿಲ್ಲಲಿಲ್ಲ. ತಪ್ಪು ಲೇಖಕರದೋ, ರೋಚಕತೆಗೆ ಮನಸೋತ ನನ್ನದೋ, ಹೇಳಲಾರೆ.

ಮೊದಲ ಓದಿನ ಹುರುಪಿನಲ್ಲಿ ಮೊಮ್ಮಗಳನ್ನು ಸೋಮನಾಥಪುರಕ್ಕೆ ಕರೆದೊಯ್ದಿದ್ದೆ. ಮೂರ್ತಿಯೊಂದರ ಕೈಯನ್ನು ತೋರಿಸಿ, “ಕೊಲಂಬಸನಿಗಿಂತ ಮೊದಲೇ ನಮ್ಮಲ್ಲಿ ಮುಸುಕಿನ ಜೋಳವಿತ್ತು, ನೋಡು” ಎಂದೆ. ಹಾಗೆಂದು ವಿದ್ವಾಂಸರೊಬ್ಬರು ಊಹಿಸಿದ್ದಾರೆ ಎನ್ನಲಿಲ್ಲ. ಇತ್ತು ಎಂದೇ ಹೇಳಿಬಿಟ್ಟೆ. ಅವಳು ಬಹಳ ಹೊತ್ತು ನೋಡಿ, “ತಾತ, ಇದಕ್ಕೆ ಮುಸುಕೇ ಇಲ್ಲವಲ್ಲ?” ಎಂದಳು.

ಮನೆಗೆ ಹಿಂದಿರುಗಿದವನೇ ಎರಡನೆಯ ಓದಿಗೆ ಕುಳಿತೆ. ಈ ಬಾರಿ ಟಿಪ್ಪಣಿಗಳಿಂದ ಆರಂಭಿಸಿದೆ.