ಸೊಬಾ ಅಂಗಡಿಯ ಅದ್ದುವ ರಸ

ಜಪಾನಿಗೆ ಹೋಗಿ ಬಂದವರೆಲ್ಲ ಸುಶಿಯ ಮಾತಾಡುತ್ತಾರೆ. ತಿಂಗಳ ಮೊದಲೇ ಕಾದಿರಿಸಿದ ಕುರ್ಚಿ, ತುಟಿ ಬಿಚ್ಚದ ಬಾಣಸಿಗ, ಬಿಲ್ಲು ಕೈಗೆ ಬಂದಾಗ ಕಿತ್ತುಬಂದ ಬೆವರು. ಇರಲಿ, ಅದೂ ಒಂದು ಅನುಭವವೇ. ನನಗೆ ಟೋಕಿಯೊದ ಊಟವೆಂದರೆ ಸ್ಟೇಷನ್ನಿನಿಂದ ಎರಡು ತಿರುವು ಆಚೆ, ಲಾಂಡ್ರಿಗೂ ಹೂವಿನಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಓಣಿಯ ಸೊಬಾ ನೂಡಲ್ಸ್ ಅಂಗಡಿ. ಬಾಗಿಲ ಮುಂದೆ ನೋರೆನ್ ಎಂಬ ಬಟ್ಟೆಯ ಪರದೆ ತೂಗುತ್ತಿದ್ದರೆ ಒಲೆ ಹೊತ್ತಿದೆ, ಒಳಗೆ ತೆಗೆದಿಟ್ಟಿದ್ದರೆ ಇಲ್ಲ. ಲಿಪಿ ಬಾರದವನಿಗೂ ಇಷ್ಟು ತಿಳಿಯುತ್ತದೆ. ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನ ಮಾದರಿ ಊಟಗಳು ಬಿಸಿಲಿಗೆ ಬಣ್ಣ ಕಳೆದುಕೊಂಡು ಕೂತಿರುತ್ತವೆ. ಬಣ್ಣ ಮಾಸಿದಷ್ಟೂ ನನಗೆ ಅಂಗಡಿಯ ಮೇಲೆ ನಂಬಿಕೆ ಹೆಚ್ಚು.

ಒಳಗೆ ನಾಲ್ಕೈದು ಮೇಜು, ಮೂಲೆಯಲ್ಲಿ ಟಿವಿ. ಪಟ್ಟಿಯಲ್ಲಿ ಸೊಬಾ, ಗೋಧಿ ಎಳೆಯ ಉದೊನ್, ಹಿಟ್ಟಿನಲ್ಲಿ ಅದ್ದಿ ಕರಿದ ತೆಂಪುರ, ಅದರ ಕೆಳಗೆ ಕಟ್ಸುದೊನ್, ಕರಿ. ಇದನ್ನು ಕಂಡರೆ ಶುದ್ಧವಾದಿಗಳು ಮೂಗು ಮುರಿಯುತ್ತಾರೆ. ಅವರ ಪ್ರಕಾರ ಸೊಬಾ ಎಂದರೆ ಆಗಷ್ಟೇ ಬೀಸಿದ ಹಿಟ್ಟು, ಆಗಷ್ಟೇ ಲಟ್ಟಿಸಿ ಕತ್ತರಿಸಿದ ಎಳೆ, ಆಗಷ್ಟೇ ಬೇಯಿಸಿದ್ದು. ಉತ್ತರ ಭಾರತದವರು ನವರಾತ್ರಿಯ ಉಪವಾಸಕ್ಕೆ ಬಳಸುವ ಕುಟ್ಟು ಹಿಟ್ಟಿನ ಕಾಳೇ ಸೊಬಾದ ಕಾಳು. ಗೋಧಿಯ ನೆಂಟನಲ್ಲ, ಹುಲ್ಲಿನ ಜಾತಿಯೂ ಅಲ್ಲ. ಗ್ಲುಟೆನ್ ಇಲ್ಲದ್ದರಿಂದ ಲಟ್ಟಿಸುವಾಗ ಬಿರಿಯುತ್ತದೆ. ಅದಕ್ಕೇ ಎಂಟು ಪಾಲಿಗೆ ಎರಡು ಪಾಲು ಗೋಧಿ ಬೆರೆಸುವ 'ನಿಹಾಚಿ' ಬಂದದ್ದು. ನೂರಕ್ಕೆ ನೂರು ಸೊಬಾ ಹಿಟ್ಟಿನ ಎಳೆ ಕತ್ತರಿಸುವವನ ಕೈಗೆ ನಾನೂ ನಮಸ್ಕಾರ ಮಾಡುತ್ತೇನೆ. ಆದರೆ ಓಣಿಯ ಅಂಗಡಿಯಲ್ಲಿ ಯಂತ್ರ ಕತ್ತರಿಸಿದ, ಗೋಧಿ ಸ್ವಲ್ಪ ಧಾರಾಳವಾಗಿಯೇ ಸೇರಿದ ಎಳೆ ತಿಂದು ಸುಖಪಟ್ಟಿದ್ದೇನೆ. ಯಾಕೆಂದರೆ ಆ ಅಂಗಡಿಗಳ ಜೀವ ಎಳೆಯಲ್ಲಿಲ್ಲ, ತ್ಸುಯುವಿನಲ್ಲಿದೆ. ನಾವು ದರ್ಶಿನಿಯ ಇಡ್ಲಿಯನ್ನು ಹೊಗಳುತ್ತೇವೆ, ಮತ್ತೆ ಮತ್ತೆ ಹೋಗುವುದು ಮಾತ್ರ ಸಾಂಬಾರಿಗಾಗಿ, ಹಾಗೆಯೇ ಇದು.

ತ್ಸುಯು ಎಂದರೆ ಅದ್ದಿಕೊಳ್ಳುವ ಕಪ್ಪು ರಸ. ಅದರಲ್ಲಿ ಎರಡು ಭಾಗ. ಒಂದು ಕಾಯೆಶಿ: ಸೋಯಾ ಸಾಸು, ಸಕ್ಕರೆ, ಮಿರಿನ್ ಎಂಬ ಸಿಹಿ ಅಕ್ಕಿಮದ್ಯ ಸೇರಿಸಿ ಕಾಯಿಸಿ, ಆರಿಸಿ, ದಿನಗಟ್ಟಲೆ ಮುಟ್ಟದೆ ಇಡುತ್ತಾರೆ. ಸೋಯಾದ ಚೂಪು ರುಚಿ ಆ ವಿಶ್ರಾಂತಿಯಲ್ಲಿ ಮೆತ್ತಗಾಗುತ್ತದೆ. ಇನ್ನೊಂದು ದಾಶಿ, ಅಂದರೆ ಸಾರ. ಒಣಗಿಸಿ ಹೊಗೆ ಹಿಡಿಸಿ, ಕೆಲವೊಮ್ಮೆ ಬೂಷ್ಟು ಬರಿಸಿ ಕಟ್ಟಿಗೆಯಂತಾದ ಕತ್ಸುವೊ ಮೀನನ್ನು ದಪ್ಪಗೆ ಹೆರೆದು ಕುದಿಸುತ್ತಾರೆ. ದುಬಾರಿ ಹೋಟೆಲುಗಳು ಕಾಗದದಷ್ಟು ತೆಳ್ಳಗಿನ ಹೆರಕಲನ್ನು ಬಿಸಿನೀರಿಗೆ ತೋರಿಸಿ ತೆಗೆದರೆ, ಸೊಬಾದವನು ಅರ್ಧ ಗಂಟೆಗೂ ಮಿಕ್ಕಿ ಕುದಿಸಿ ಸತ್ವವೆಲ್ಲ ಹಿಂಡಿ ತೆಗೆಯುತ್ತಾನೆ. ತಣ್ಣನೆಯ ಎಳೆಗೆ ಒರಟು ರಸವೇ ಬೇಕು. ಅದ್ದಲು ಒಂದು ಪಾಲು ಕಾಯೆಶಿಗೆ ಸುಮಾರು ಮೂರು ಪಾಲು ದಾಶಿ. ಬಿಸಿ ಬಟ್ಟಲಿಗೆ ಇನ್ನೂ ತೆಳುವಾಗಿ, ಒಂದಕ್ಕೆ ಎಂಟರ ಹತ್ತಿರ.

ಈಗ ಶುದ್ಧವಾದಿಗಳು ಮೂಗು ಮುರಿದ ಕಟ್ಸುದೊನ್ ನೋಡಿ. ಕರಿದ ಹಂದಿಮಾಂಸವನ್ನು ಈರುಳ್ಳಿ, ಮೊಟ್ಟೆಯ ಜೊತೆ ಬೇಯಿಸುವುದು ಅದೇ ಕಾಯೆಶಿ-ದಾಶಿಯಲ್ಲಿ. ಬ್ರಿಟಿಷರ ಕೈಯಿಂದ ಜಪಾನಿಗೆ ಬಂದ ಕರಿಯನ್ನು ಸೊಬಾದವರು 20ನೇ ಶತಮಾನದ ಆರಂಭದಲ್ಲಿ ತಮ್ಮ ಪಾತ್ರೆಗೆ ಹಾಕಿಕೊಂಡದ್ದೂ ಹೀಗೆಯೇ: ದಾಶಿಗೆ ಮಸಾಲೆಪುಡಿ, ಗಟ್ಟಿಯಾಗಲು ಪಿಷ್ಟ, ಅದರೊಳಗೆ ಎಳೆ. ಹೆಸರು ಕರಿ ನಾನ್‌ಬಾನ್. ರಸ ಚೆನ್ನಾಗಿದ್ದ ಅಂಗಡಿಯಲ್ಲಿ ಇದನ್ನು ತಿಂದವರು ಮತ್ತೆ ಕರಿ ಹೋಟೆಲಿಗೆ ಹೋಗುವ ತೊಂದರೆ ತೆಗೆದುಕೊಳ್ಳಲಾರರು. ಪಟ್ಟಿ ಉದ್ದವಾದದ್ದು ಆಸೆಬುರುಕತನದಿಂದಲ್ಲ, ಕಾಯೆಶಿಯ ಒಂದೇ ಜಾಡಿ ಅಷ್ಟಕ್ಕೂ ಸಾಕಾಯಿತು ಎಂಬ ಕಾರಣಕ್ಕೆ.

ಅಂಗಡಿಯನ್ನು ಪರೀಕ್ಷಿಸಬೇಕೆಂದರೆ ಮೊರಿ ಸೊಬಾ ಹೇಳಿ. ಬಿದಿರ ಜಾಲರಿಯ ಮೇಲೆ ತಣ್ಣನೆಯ ಎಳೆ, ಪಕ್ಕದಲ್ಲಿ ರಸ, ಹೆಚ್ಚಿದ ನೇಗಿ ಈರುಳ್ಳಿ, ವಸಾಬಿ; ಸಾಮಾನ್ಯವಾಗಿ ಪಟ್ಟಿಯಲ್ಲೇ ಅಗ್ಗ. ಎಳೆಯ ತುದಿಯ ಮೂರನೇ ಒಂದು ಭಾಗ ಮಾತ್ರ ಅದ್ದಬೇಕು ಎಂದು ಹಳೆಯ ಟೋಕಿಯೊದ, ಅಂದರೆ ಎದೊ ಕಾಲದ ಜಂಬಗಾರರ ನಿಯಮ. ಅಂಥವನೊಬ್ಬ ಸಾಯುವ ಮುನ್ನ 'ಒಂದು ಸಲವಾದರೂ ಪೂರ್ತಿ ಅದ್ದಿ ತಿನ್ನಬೇಕಿತ್ತು' ಎಂದನಂತೆ. ಇದು ರಕುಗೊ ಎಂಬ ಹಾಸ್ಯಕಥನದ ಕಥೆಗಾರರ ಹಳೆಯ ತಮಾಷೆ. ನಿಯಮಕ್ಕೆ ಕಾರಣವಿಲ್ಲದೆ ಇಲ್ಲ. ಟೋಕಿಯೊದ ಯಾಬು ಎಂಬ ಸೊಬಾ ಪರಂಪರೆಯ ರಸ ನಿಜಕ್ಕೂ ಚುರುಕು. 1880ರಲ್ಲಿ ಶುರುವಾಗಿ, 2013ರಲ್ಲಿ ಬೆಂಕಿಗೆ ಸಿಕ್ಕಿ, ಮರುವರ್ಷ ಮತ್ತೆ ಬಾಗಿಲು ತೆರೆದ ಕಾಂದಾ ಯಾಬು ಸೊಬಾದಲ್ಲಿ ಪೂರ್ತಿ ಅದ್ದಿದರೆ ಉಪ್ಪೇ ನಾಲಗೆಗೆ ಸಿಗುವುದು. ಓಣಿಯಲ್ಲಿ ರಸ ಸೌಮ್ಯವಾಗಿದ್ದರೆ ಧಾರಾಳ ಅದ್ದಿ; ಜಂಬಗಾರರು ನೋಡುತ್ತಿರುವುದಿಲ್ಲ.

ರಕುಗೊದಲ್ಲೇ 'ತೊಕಿ ಸೊಬಾ' ಎಂಬ ಪ್ರಸಿದ್ಧ ಕಥೆಯಿದೆ. ನಡುರಾತ್ರಿ ಬೀದಿಗಾಡಿಯಲ್ಲಿ ತಿಂದವನೊಬ್ಬ ಬಟ್ಟಲನ್ನು, ಕಡ್ಡಿಯನ್ನು, ಎಲ್ಲಕ್ಕಿಂತ ದಾಶಿಯನ್ನು ಹೊಗಳಿ ಹೊಗಳಿ ಮಾರುವವನನ್ನು ಉಬ್ಬಿಸುತ್ತಾನೆ. ಬೆಲೆ 16 ಮೊನ್ ನಾಣ್ಯ. ಒಂದೊಂದೇ ನಾಣ್ಯ ಎಣಿಸುತ್ತ ಎಂಟಕ್ಕೆ ಬಂದಾಗ 'ಈಗ ಗಂಟೆಯೆಷ್ಟು?' ಎನ್ನುತ್ತಾನೆ. ಅಂದಿನ ಲೆಕ್ಕದಲ್ಲಿ ನಡುರಾತ್ರಿ ಎಂದರೆ ಒಂಬತ್ತು. 'ಒಂಬತ್ತು' ಎಂಬ ಉತ್ತರ ಬಂದದ್ದೇ 'ಹತ್ತು, ಹನ್ನೊಂದು' ಎಂದು ಮುಂದುವರಿದು ಒಂದು ನಾಣ್ಯ ಉಳಿಸುತ್ತಾನೆ. ಇದನ್ನು ಕಂಡ ಪೆದ್ದನೊಬ್ಬ ಮರುರಾತ್ರಿ ಅವಸರದಲ್ಲಿ ಬೇಗನೇ ಹೋಗುತ್ತಾನೆ. ಸಿಕ್ಕಿದ್ದು ಬೇರೆ ಗಾಡಿ, ಹೊಗಳಲು ಏನೂ ಇಲ್ಲದ ಸೊಬಾ. ಗಂಟೆ ಕೇಳಿದರೆ, ಅಂದಿನ ಲೆಕ್ಕದಲ್ಲಿ ಒಂಬತ್ತಕ್ಕೆ ಮುಂಚಿನ ಗಂಟೆಯಾದ 'ನಾಲ್ಕು' ಎಂಬ ಉತ್ತರ. ಐದರಿಂದ ಮತ್ತೆ ಎಣಿಸಿ ನಾಲ್ಕು ನಾಣ್ಯ ಹೆಚ್ಚು ಕೊಡುತ್ತಾನೆ. ಕೆಟ್ಟ ರಸ ಕುಡಿದದ್ದಲ್ಲದೆ ಅದಕ್ಕೆ ದಂಡವನ್ನೂ ತೆತ್ತ.

ಓಣಿಯ ಅಂಗಡಿಯ ಅರ್ಧ ವ್ಯಾಪಾರ ಹೊಸಿಲ ಆಚೆಗೇ ನಡೆಯುತ್ತಿದ್ದ ಕಾಲವಿತ್ತು. ಬಟ್ಟಲು, ತಟ್ಟೆಗಳ ಗೋಪುರವನ್ನು ಹೆಗಲ ಮೇಲೆ ಹೊತ್ತು ಒಂದೇ ಕೈಯಲ್ಲಿ ಸೈಕಲ್ ಓಡಿಸುವ ಹುಡುಗರಿದ್ದರು. 1958ರಲ್ಲಿ ಬಂದ ಬೈಕು ಹೋಂಡಾ ಸೂಪರ್ ಕಬ್‌ಗೆ ಎಡಗೈಯ ಕ್ಲಚ್ ಹಿಡಿಯೇ ಇಲ್ಲ; ಸೊಬಾ ತಲುಪಿಸುವ ಹುಡುಗ ಒಂದೇ ಕೈಯಲ್ಲಿ ಓಡಿಸುವಂತಿರಬೇಕು ಎಂಬುದು ಅದರ ವಿನ್ಯಾಸದ ಹಿಂದಿದ್ದ ಯೋಚನೆ. ಆಮೇಲೆ ರಸ ತುಳುಕದ ಹಾಗೆ ಸ್ಪ್ರಿಂಗಿನಲ್ಲಿ ತೂಗಾಡುವ ಚೌಕಟ್ಟು ಹಿಂದಿನ ಸೀಟಿಗೆ ಬಂತು. ಈಗಲೂ ಹಳೆಯ ಅಂಗಡಿಯ ಮುಂದೆ ಅಂಥ ಬೈಕೊಂದು ನಿಂತಿದ್ದರೆ ನಾನು ಪಟ್ಟಿ ನೋಡದೆ ಒಳಗೆ ಹೋಗುತ್ತೇನೆ.

ತಿಂದು ಮುಗಿಯುವ ಹೊತ್ತಿಗೆ ಎಳೆ ಬೆಂದ ನೀರು ಪುಟ್ಟ ಮೆರುಗಿನ ಪಾತ್ರೆಯಲ್ಲಿ ಬರುತ್ತದೆ. ಉಳಿದ ರಸಕ್ಕೆ ಸುರಿದು ಕುಡಿಯಬೇಕು. ಅಷ್ಟು ಹೊತ್ತು ಗದರಿಸುತ್ತಿದ್ದ ರಸ ಆಗ ಪಳಗುತ್ತದೆ. ಹೊಗೆ, ಸಿಹಿ, ಮೀನು ಬಿಡಿಬಿಡಿಯಾಗಿ ನಾಲಗೆಗೆ ಕಾಣುತ್ತವೆ. ಎಳೆಯನ್ನು ಎಷ್ಟೇ ಹೊಗಳಲಿ, ನನ್ನ ತೀರ್ಪು ಹೊರಬೀಳುವುದು ಈ ಲೋಟದ ನಂತರವೇ.

ಸಸ್ಯಾಹಾರಿ ಓದುಗರು ಇಷ್ಟರಲ್ಲಿ ಪತ್ರ ಬರೆಯಲು ಪೆನ್ನು ಎತ್ತಿಕೊಂಡಿರುತ್ತಾರೆ. ಬರಿಯ ತರಕಾರಿ ತೆಂಪುರ ತರಿಸಿದರೂ ಅದರ ಜೊತೆಗೆ ಬರುವ ರಸದಲ್ಲಿ ಮೀನಿದೆ. ಏನೂ ಇಲ್ಲದ ಮೊರಿಯಲ್ಲೂ ಇದೆ. ಬೌದ್ಧ ದೇವಾಲಯಗಳ ಅಡುಗೆಯಲ್ಲಿ ಕೊಂಬು ಎಂಬ ಕಡಲಪಾಚಿ ಮತ್ತು ಶೀಟಾಕೆ ಅಣಬೆಯ ದಾಶಿ ಉಂಟು, ಆದರೆ ಇಬ್ಬರೇ ನಡೆಸುವ ಓಣಿಯ ಅಂಗಡಿ ಅದನ್ನು ಬೇರೆಯಾಗಿ ಕಾಯಿಸಿಡಲಿ ಎನ್ನುವುದು ನ್ಯಾಯವಲ್ಲ. ಉಪ್ಪು ಕೇಳಿ. ಒಳ್ಳೆಯ ಸೊಬಾವನ್ನು ಉಪ್ಪು, ವಸಾಬಿಯಲ್ಲೇ ತಿನ್ನುವವರು ಅಲ್ಲೂ ಇದ್ದಾರೆ, ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಆಗ ಎಳೆಯೇ ಎಲ್ಲವನ್ನೂ ಹೊರಬೇಕಾಗುತ್ತದೆ. ಅಂಥ ದಿನ ಮಾತ್ರ ನನ್ನ ಓಣಿಯ ಅಂಗಡಿ ಬಿಟ್ಟು ಆ ಶುದ್ಧವಾದಿಯ ಬಾಗಿಲು ತಟ್ಟಿ.