ಹಿಡಿಸಲಿಲ್ಲ ಎನ್ನಲು ಅಂಕವಿಲ್ಲ

ಅಮೆರಿಕದ ಹೈಸ್ಕೂಲುಗಳಲ್ಲಿ ‘ಎಪಿ ಲಿಟ್’ ಎಂದರೆ ಒಂದು ತೂಕ. ಕಾಲೇಜ್ ಬೋರ್ಡ್ ನಡೆಸುವ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಇಂಗ್ಲಿಷ್ ಸಾಹಿತ್ಯದ ಈ ಕೋರ್ಸು ಹದಿನೇಳರ ಹುಡುಗರಿಂದ ಕಾಲೇಜು ಮಟ್ಟದ ಓದನ್ನು ಕೇಳುತ್ತದೆ ಎಂಬ ಖ್ಯಾತಿ ಇದೆ. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳ ಕನ್ನಡದ ಮನೆಗಳಲ್ಲೂ ಮಕ್ಕಳು ಎಷ್ಟು ಎಪಿ ತೆಗೆದುಕೊಂಡರು ಎಂಬ ಲೆಕ್ಕ ಬಂದೇ ಬರುತ್ತದೆ. ಕೋರ್ಸಿನ ನಿರೀಕ್ಷೆ ಅತಿಯಾಯಿತು ಎಂದು ಗೊಣಗುವವರಿದ್ದಾರೆ. ನನ್ನ ತಕರಾರು ಬೇರೆ: ಸಾಹಿತ್ಯದ ಓದುಗನಿಂದ ಕೇಳಲೇಬೇಕಾದದ್ದನ್ನು ಅದು ಕೇಳುವುದೇ ಇಲ್ಲ.

ಒಂದು ಗಂಟೆಯ 55 ಬಹು ಆಯ್ಕೆಯ ಪ್ರಶ್ನೆಗಳನ್ನು ಬಿಟ್ಟುಬಿಡೋಣ. ಆಮೇಲಿನ ಎರಡು ಗಂಟೆಗಳಲ್ಲಿ ಮೂರು ಪ್ರಬಂಧ. ಮೂರನೆಯದಕ್ಕೆ ಕಾದಂಬರಿಯನ್ನೋ ನಾಟಕವನ್ನೋ ವಿದ್ಯಾರ್ಥಿಯೇ ಆರಿಸಿಕೊಳ್ಳಬಹುದು, ಕಥೆ ಒಪ್ಪಿಸಿದರೆ ನಡೆಯದು. ಗೈಡಿನ ಸಾರಾಂಶ ಬಾಯಿಪಾಠ ಮಾಡಿ ಪಾಸಾದ ನಮ್ಮಂಥವರು ಇದನ್ನು ಮೆಚ್ಚಲೇಬೇಕು. ಮೆಚ್ಚಿ, ಮೊದಲನೆಯ ಪ್ರಶ್ನೆಗೆ ಬರುತ್ತೇನೆ.

ಅಲ್ಲಿ ಒಂದು ಕವಿತೆ ಕೊಟ್ಟಿರುತ್ತಾರೆ. ಕವಿತೆ ಬದಲಾದರೂ ಪ್ರಶ್ನೆಯ ಎರಕ ಒಂದೇ: ಇಂಥ ಸಂಕೀರ್ಣ ಮನೋಭಾವವನ್ನು ಕವಿ ಯಾವ ತಂತ್ರಗಳಿಂದ ಮೂಡಿಸಿದ್ದಾರೆ, ವಿಶ್ಲೇಷಿಸಿ. ಕವಿತೆ ಸಂಕೀರ್ಣವಾಗಿದೆ, ಹೇಳಹೊರಟದ್ದನ್ನು ಹೇಳಿದೆ ಎಂಬ ಎರಡು ತೀರ್ಪುಗಳನ್ನು ಹುಡುಗಿ ಪೆನ್ನು ಹಿಡಿಯುವ ಮೊದಲೇ ಪ್ರಶ್ನೆಪತ್ರಿಕೆ ಕೊಟ್ಟುಬಿಟ್ಟಿರುತ್ತದೆ. ಅವಳಿಗೆ ಉಳಿದದ್ದು ‘ಹೇಗೆ’ ಎಂಬುದನ್ನು ವಿವರಿಸುವುದು. ಮೂರನೆಯ ಚರಣ ಬರೀ ಪ್ರಾಸ ಕೂಡಿಸಲು ಬಂದದ್ದು ಎಂದು ಅವಳಿಗೆ ಅನ್ನಿಸಿದರೆ ಅದನ್ನು ಎಲ್ಲಿ ಬರೆಯಬೇಕು? 2019ರಿಂದ ಅಂಕದ ಹಂಚಿಕೆ ಹೀಗಿದೆ: ವ್ಯಾಖ್ಯಾನವೊಂದನ್ನು ಮಂಡಿಸಿದ್ದಕ್ಕೆ ಒಂದು, ಆಧಾರ ಮತ್ತು ವಿವರಣೆಗೆ ನಾಲ್ಕು, ಕೊನೆಗೆ ಪ್ರೌಢಿಮೆಗೆ ಒಂದು. ಬೆಲೆ ಕಟ್ಟುವುದಕ್ಕೆ ಕಾಲು ಅಂಕವೂ ಇಲ್ಲ.

ಆ ಪ್ರೌಢಿಮೆಯ ಅಂಕವನ್ನೇ ನೋಡಿ. ಕೃತಿಯೊಳಗಿನ ಸೆಳೆದಾಟವನ್ನು ಗುರುತಿಸಿ ಶೋಧಿಸಿದರೆ, ಬೇರೊಂದು ವ್ಯಾಖ್ಯಾನಕ್ಕೂ ಜಾಗ ಕೊಟ್ಟರೆ ಅದು ಸಿಗಬಹುದು. ಸುಮ್ಮನೆ ಒಂದು ಮಾತು ಎಸೆದರೆ ಸಾಲದು, ವಾದದ ಉದ್ದಕ್ಕೂ ಅದು ಇರಬೇಕೆನ್ನುತ್ತಾರೆ, ಸರಿಯೇ. ಆದರೆ ಸೆಳೆದಾಟ ಕಂಡರೆ ಅಂಕ ಸಿಗಬಹುದು ಎಂದಾದಾಗ ಜಾಣ ಮಕ್ಕಳು ಅದನ್ನು ತಾವೇ ತಯಾರಿಸುತ್ತಾರೆ. ನಲವತ್ತು ನಿಮಿಷದಲ್ಲಿ ಇನ್ನೇನು ಮಾಡಿಯಾರು? ನೇರವಾದ ಕವಿತೆಯನ್ನು ನೇರ ಎನ್ನುವ ಧೈರ್ಯಕ್ಕೆ ಅಲ್ಲಿ ಲಾಭವಿಲ್ಲ.

ಎಪಿಯನ್ನು ಟೀಕಿಸುವವರು ಇದನ್ನು ಮುಟ್ಟುವುದೇ ಅಪರೂಪ. 2012ರಲ್ಲಿ ಜಾನ್ ಟಿಯರ್ನಿ ‘ದಿ ಅಟ್ಲಾಂಟಿಕ್’ನಲ್ಲಿ ಇಡೀ ವ್ಯವಸ್ಥೆಯನ್ನೇ ಮೋಸ ಎಂದರು. ಎಪಿಯ ಪರ ನಿಂತ ಜೇ ಮ್ಯಾಥ್ಯೂಸ್, ಮಕ್ಕಳು ಎಷ್ಟು ಪರೀಕ್ಷೆ ಬರೆದರು ಎಂಬುದರಿಂದಲೇ ಶಾಲೆಗಳಿಗೆ ಸ್ಥಾನ ಕೊಡುವ ಪಟ್ಟಿ ಹುಟ್ಟುಹಾಕಿದವರು. ಇಬ್ಬರ ಜಗಳವೂ ಕವಿತೆಯ ಹತ್ತಿರ ಸುಳಿಯುವುದಿಲ್ಲ. ‘ಶಾರ್ಟ್‌ಚೇಂಜ್ಡ್’ (2023) ಬರೆದ ಆನಿ ಏಬ್ರಮ್ಸ್ ಹೆಚ್ಚು ಸೂಕ್ಷ್ಮರು. ಎಪಿಯ ಮೂಲದ ಉದಾರ ಶಿಕ್ಷಣದ ಆಶಯ ಏಕರೂಪದ ಪರೀಕ್ಷೆಗೆ ಬಲಿಯಾಯಿತು ಎಂಬುದು ಅವರ ವಾದ. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. 2019ಕ್ಕೆ ಮುಂಚೆ ಒಂಬತ್ತರ ಮಾಪನದಲ್ಲಿ ಒಟ್ಟಾರೆ ಅಂಕ ಕೊಡುತ್ತಿದ್ದಾಗಲೂ ಪ್ರಶ್ನೆಯ ಧಾಟಿ ಇದೇ ಇತ್ತು. ಈಗಿನ ಅಂಕ ಹಂಚಿಕೆಗಿಂತ ಹಳೆಯ ರೋಗ ಇದು.

ಎಪಿಯ ಬೇರುಗಳಲ್ಲೊಂದು ಒಹಾಯೋದ ಕೆನ್ಯನ್ ಕಾಲೇಜಿನಲ್ಲಿದೆ. ಅದರ ಅಧ್ಯಕ್ಷ ಗಾರ್ಡನ್ ಚಾಮರ್ಸ್ 1950ರ ದಶಕದ ಆರಂಭದಲ್ಲಿ ಕಟ್ಟಿದ ಯೋಜನೆಯನ್ನು ಕಾಲೇಜ್ ಬೋರ್ಡ್ 1955ರಲ್ಲಿ ವಹಿಸಿಕೊಂಡಿತು. ಜಾನ್ ಕ್ರೋ ರ‍್ಯಾನ್ಸಮ್ 1939ರಲ್ಲಿ ‘ಕೆನ್ಯನ್ ರಿವ್ಯೂ’ ಪತ್ರಿಕೆ ಶುರುಮಾಡಿದ್ದೂ ಅಲ್ಲೇ. ಅವರ ನವ್ಯ ವಿಮರ್ಶೆಯ (ನ್ಯೂ ಕ್ರಿಟಿಸಿಸಂ) ಬಳಗ ಕಲಿಸಿದ ನಿಕಟ ಓದು ಪರೀಕ್ಷೆಯೊಳಗೆ ಉಳಿದಿದೆ, ಅದರ ಹಲ್ಲು ಮಾತ್ರ ಉದುರಿದೆ. ಅದೇ ಬಳಗದ ಬ್ರೂಕ್ಸ್ ಮತ್ತು ವಾರನ್ 1938ರ ತಮ್ಮ ಪಠ್ಯಪುಸ್ತಕದಲ್ಲಿ ಜಾಯ್ಸ್ ಕಿಲ್ಮರನ ಜನಪ್ರಿಯ ‘ಟ್ರೀಸ್’ ಕವಿತೆಯನ್ನು ಬಿಚ್ಚಿ ನೋಡಿದರು. ಒಂದೆಡೆ ನೆಲದ ಮೊಲೆಗೆ ಬಾಯಿಟ್ಟ ಮರ, ಇನ್ನೊಂದೆಡೆ ತೋಳೆತ್ತಿ ಪ್ರಾರ್ಥಿಸುವ ಮರ. ಪ್ರತಿಮೆಗಳು ಒಂದಕ್ಕೊಂದು ಕೂಡುವುದಿಲ್ಲ, ಕವಿತೆ ಕೆಟ್ಟದ್ದು ಎಂದು ವಿದ್ಯಾರ್ಥಿಗಳಿಗೇ ತೋರಿಸಿದರು. ಕನ್ನಡದಲ್ಲೂ ನವ್ಯರು ಕೃತಿನಿಷ್ಠ ಓದನ್ನೇ ಹಿಡಿದು ದೊಡ್ಡ ಹೆಸರುಗಳನ್ನು ಕೆಣಕಿದರು.

ಇತ್ತ 2008ರ ಎಪಿ ಪತ್ರಿಕೆಯಲ್ಲಿ ಕೀಟ್ಸ್‌ನದೊಂದು, ಲಾಂಗ್‌ಫೆಲೋನದೊಂದು ಕವಿತೆ ಅಕ್ಕಪಕ್ಕ ಬಂದಿದ್ದವು. ಹೋಲಿಸಿ, ತಂತ್ರಗಳನ್ನು ವಿಶ್ಲೇಷಿಸಿ ಎಂದರು. ಯಾವುದು ಮೇಲು ಎಂದು ಕೇಳಲಿಲ್ಲ. ಕೇಳಿದ್ದರೆ ಲಾಂಗ್‌ಫೆಲೋನ ಪರವಾಗಿ ಹಟ ಹಿಡಿದು ವಾದಿಸುವ ಒಬ್ಬ ಹುಡುಗನಾದರೂ ಸಿಗುತ್ತಿದ್ದ. ಅವನ ಉತ್ತರಪತ್ರಿಕೆ ಓದಲು ನಾನು ದುಡ್ಡು ಕೊಡುತ್ತಿದ್ದೆ.