ಶ್ವಾಸಕೋಶದ ಚಿತ್ರಗಳಲ್ಲಿ ಪಾಠಭೇದ

ಒಂದೇ ಕಾವ್ಯದ ನಾಲ್ಕು ಓಲೆಯ ಪ್ರತಿಗಳು ನಾಲ್ಕು ಪಾಠಗಳನ್ನು ಕೊಟ್ಟಲ್ಲಿ, ಯಾವುದನ್ನು ಮೂಲದಲ್ಲಿರಿಸಿ ಯಾವುದನ್ನು ಅಡಿಟಿಪ್ಪಣಿಗೆ ಇಳಿಸಬೇಕೆಂಬ ಪ್ರಶ್ನೆಯು ನಮ್ಮ ವಿದ್ವಾಂಸರಿಗೆ ಹೊಸತಲ್ಲ. ಅದೇ ಪ್ರಶ್ನೆಯು ವೈದ್ಯಶಾಸ್ತ್ರದಲ್ಲಿ, ಅದೂ ಮನುಷ್ಯನ ಆಯುಸ್ಸನ್ನು ಮುಟ್ಟುವ ಎಡೆಯಲ್ಲಿ, ಎದ್ದಿರುವುದನ್ನು ವಾಚಕರ ಮುಂದಿಡಬಯಸುವೆವು.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಅಮೆರಿಕದ ಲಂಗ್ ಇಮೇಜ್ ಡೇಟಾಬೇಸ್ ಕನ್ಸಾರ್ಷಿಯಂ ಎಂಬ ಮಂಡಲಿಯವರ ಚಿತ್ರಕೋಶ. ಇದರ ವಿವರಣೆಯನ್ನು ಸ್ಯಾಮ್ಯುಯೆಲ್ ಆರ್ಮಾಟೊ ಮತ್ತು ಅವರ ಸಹೋದ್ಯೋಗಿಗಳು 2011ರಲ್ಲಿ ‘ಮೆಡಿಕಲ್ ಫಿಸಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎದೆಯ 1018 ಸಿ.ಟಿ. ಪರೀಕ್ಷೆಗಳು ಇದರಲ್ಲಿವೆ. ಒಂದೊಂದನ್ನೂ ನಾಲ್ವರು ರೇಡಿಯಾಲಜಿ ತಜ್ಞರು ಎರಡು ಸಲ ಓದಿರುವರು: ಮೊದಲು ಪ್ರತಿಯೊಬ್ಬರೂ ಒಬ್ಬೊಬ್ಬರಾಗಿ, ಅನಂತರ, ಉಳಿದ ಮೂವರ ಗುರುತುಗಳನ್ನು ಹೆಸರು ತಿಳಿಯದಂತೆ ನೋಡಿ, ತಮ್ಮ ಮತವನ್ನು ತಾವೇ ಮರಳಿ ತೂಗಿ. ಒಮ್ಮತಕ್ಕೆ ಬರಲೇಬೇಕೆಂಬ ನಿರ್ಬಂಧವಿರಲಿಲ್ಲ. ಈ ಕೋಶದ ಹಿರಿಮೆಯು ನಮ್ಮ ಮತದಲ್ಲಿ ಇಷ್ಟರಲ್ಲಿಯೇ ಇದೆ; ಚಿತ್ರಗಳ ಸಂಖ್ಯೆಯಲ್ಲಿ ಅಲ್ಲ.

ಫಲವನ್ನು ನೋಡಿರಿ. 3 ಮಿಲಿಮೀಟರು ಅಥವಾ ಅದಕ್ಕೆ ಮೇಲ್ಪಟ್ಟ ಗಂಟೆಂದು ಒಬ್ಬರಾದರೂ ಗುರುತಿಸಿದವು 2669. ನಾಲ್ವರೂ ಹಾಗೆಯೇ ಗುರುತಿಸಿದವು 928. ಒಬ್ಬರ ಗುರುತನ್ನು ಒಬ್ಬರು ಕಂಡ ಮೇಲೆಯೂ ಪೂರ್ಣ ಸಮ್ಮತಿಯು ನೂರಕ್ಕೆ 35ನ್ನು ಮುಟ್ಟಲಿಲ್ಲ!

ಇಷ್ಟರಿಂದಲೇ ವೈದ್ಯರ ಕಣ್ಣನ್ನು ಹಳಿಯುವುದು ಅವಸರದ ಕೆಲಸ. ಒಬ್ಬರು 3 ಮಿಲಿಮೀಟರೆಂದುದನ್ನು ಇನ್ನೊಬ್ಬರು ಅದಕ್ಕಿಂತ ಕಿರಿದೆಂದು ಎಣಿಸಿರಬಹುದು; ಮತ್ತೊಬ್ಬರಿಗೆ ಅದು ಗಂಟಾಗಿರದೆ ಹಳೆಯ ರೋಗದ ಕಲೆಯಾಗಿ ತೋರಿರಬಹುದು. ಕಾಣದೆ ಹೋದುದು ಬೇರೆ, ಕಂಡುದಕ್ಕೆ ಬೇರೆ ಹೆಸರಿಟ್ಟುದು ಬೇರೆ. ಎರಡನ್ನೂ ಬೆರೆಸಿದ ಈ ಒಂದೇ ಅಂಕೆಯನ್ನು ಎಲ್ಲೆಡೆಯೂ ಉದಾಹರಿಸುವುದು ಸಮಂಜಸವಲ್ಲ.

ಹೆಚ್ಚಿನ ಆಕ್ಷೇಪಣೆಯು ಕೋಶವನ್ನು ಬಳಸಿದವರ ಮೇಲೆ. ಗಂಟು ಹುಡುಕುವ ಗಣಕಯಂತ್ರಗಳ ಪರೀಕ್ಷೆಗಾಗಿ ಇದರಿಂದಲೇ ಆಯ್ದು ರಚಿಸಿದ ‘ಲೂನಾ 16’ ಎಂಬ ಸಂಗ್ರಹದಲ್ಲಿ, ಮೂವರಾದರೂ ಒಪ್ಪಿದ 1186 ಗಂಟುಗಳು ಮಾತ್ರ ಪ್ರಮಾಣವೆನಿಸಿದುವು. ಉಳಿದವನ್ನು ಸುಳ್ಳೆನ್ನದೆ ಲೆಕ್ಕದಿಂದ ಹೊರಗಿಟ್ಟುದು ಅವರ ಎಚ್ಚರವೇ ಸರಿ. ಆದರೂ ಒಬ್ಬರೋ ಇಬ್ಬರೋ ಕಂಡ ಗಂಟನ್ನು ಹಿಡಿದ ಯಂತ್ರಕ್ಕೆ ಅಲ್ಲಿ ಮೆಚ್ಚುಗೆಯಿಲ್ಲ, ಬಿಟ್ಟ ಯಂತ್ರಕ್ಕೆ ದಂಡವಿಲ್ಲ. ಆ ಗಂಟು ಮುಂದೆ ಅರ್ಬುದವಾದರೆ ದಂಡ ತೆರುವವನು ರೋಗಿ.

ಗಂಟಿನ ಕೇಡನ್ನು ಕುರಿತು ವೈದ್ಯರು ಕೊಟ್ಟ 1ರಿಂದ 5ರವರೆಗಿನ ಅಂಕಗಳ ಗತಿಯೂ ಇದೇ. ಸರಾಸರಿ ತೆಗೆದರೆ, ಇಬ್ಬರು 1, ಇಬ್ಬರು 5 ಎಂದ ಗಂಟೂ ನಾಲ್ವರೂ 3 ಎಂದ ಗಂಟೂ ಒಂದೇ ಆಗುವುವು. ಮೊದಲನೆಯದರಲ್ಲಿ ಜಗಳವಿದೆ, ಎರಡನೆಯದರಲ್ಲಿ ಸಂಶಯವಿದೆ. ಸರಾಸರಿಯಲ್ಲಿ ಎರಡೂ ಕಾಣವು. ರೋಗನಿರ್ಣಯದ ವಿವರ ದೊರೆತಿರುವುದಾದರೋ ಈ ಕೋಶದ ಅಲ್ಪಭಾಗಕ್ಕೆ ಮಾತ್ರ. ನಾಲ್ಕು ಅಂಕಗಳೂ ಕೋಶದಲ್ಲಿ ಬೇರೆಬೇರೆಯಾಗಿ ಅಚ್ಚಳಿಯದೆ ಉಳಿದಿವೆ. ಇದನ್ನು ಬಳಸುವವರು ಅವನ್ನು ಹಾಗೆಯೇ ಎತ್ತಿಕೊಡಬೇಕು.